ಹಳೆಯ ಮೋರಿಯ ಹೂಳು ಯಾರ ಪ್ರಣಾಳಿಕೆಯಲ್ಲಿದೆ?

ಬೆಂಗಳೂರಿನ ವಾರ್ಡ್ ಚುನಾವಣೆಯ ಕರಪತ್ರಗಳಿಗೆ ಒಂದು ಅಚ್ಚು ಇದೆ. ಕಾಂಕ್ರೀಟ್ ರಸ್ತೆ, ಹೊಸ ಚರಂಡಿ, ಉದ್ಯಾನದಲ್ಲಿ ವ್ಯಾಯಾಮದ ಸಲಕರಣೆ, ಬೀದಿಬೀದಿಗೂ ಸಿಸಿ ಕ್ಯಾಮೆರಾ, ಹಿರಿಯರಿಗೊಂದು ಕಟ್ಟೆ, ಮಕ್ಕಳಿಗೊಂದು ಈಜುಕೊಳ. ಪಕ್ಷ ಬದಲಾದರೆ ಕರಪತ್ರದ ಬಣ್ಣ ಬದಲಾಗುತ್ತದೆ, ಪಟ್ಟಿ ಅದೇ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕೊನೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಗರ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. ಅಷ್ಟರೊಳಗೆ ಪಾಲಿಕೆಯೇ ಉಳಿಯಲಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು, 2025ರ ಸೆಪ್ಟೆಂಬರ್‌ನಲ್ಲಿ ಅದು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾಯಿತು. 198 ಇದ್ದ ವಾರ್ಡ್‌ಗಳು 369 ಆದವು. ಅಂದರೆ ಕರಪತ್ರ ಹಿಡಿದು ಬಾಗಿಲಿಗೆ ಬರುವವರ ಸಂಖ್ಯೆಯೂ ಹೆಚ್ಚುಕಡಿಮೆ ಇಮ್ಮಡಿ. ಬಂದವರನ್ನು ಏನು ಕೇಳಬೇಕು? ‘ನಮ್ಮ ಬೀದಿಗೆ ಏನು ಮಾಡಿಕೊಡುತ್ತೀರಿ’ ಎಂಬುದು ರೂಢಿಯ ಪ್ರಶ್ನೆ. ಆ ಪ್ರಶ್ನೆಯೇ ತಪ್ಪು ಕಡೆಯಿಂದ ಶುರುವಾಗುತ್ತದೆ ಎಂಬುದು ಈ ಲೇಖನದ ವಾದ. ಪಾಲಿಕೆಗೆ ಬರುವ ದುಡ್ಡೆಷ್ಟು, ಅದರಲ್ಲಿ ಈಗಾಗಲೇ ಮಾತು ಕೊಟ್ಟಾಗಿರುವುದೆಷ್ಟು, ಇರುವುದನ್ನು ಸುಸ್ಥಿತಿಯಲ್ಲಿ ಇಡಲು ತಗಲುವುದೆಷ್ಟು ಎಂಬ ಮೂರು ಲೆಕ್ಕ ಮುಗಿದ ಮೇಲೆಯೇ ಹೊಸ ಕಾಮಗಾರಿಯ ಮಾತು ಬರಬೇಕು. ಈ ಕ್ರಮವನ್ನು ಒಪ್ಪುವ ಅಭ್ಯರ್ಥಿಗೆ ಆದ್ಯತೆ ಎಂಬ ಪದ ಬಳಸುವ ಹಕ್ಕಿದೆ. ಉಳಿದವರ ಕೈಯಲ್ಲಿರುವುದು ಬರೀ ಆಸೆಗಳ ಪಟ್ಟಿ.

ಮೊದಲು ದೊಡ್ಡ ಅಂಕಿ. ಅಖಂಡ ಪಾಲಿಕೆಯ ಕೊನೆಯ ಬಜೆಟ್, 2025-26ರದು, ಸುಮಾರು 19,900 ಕೋಟಿ ರೂಪಾಯಿಯದು. ಅದರ ಹಿಂದಿನ ವರ್ಷ ಅದು 12,369 ಕೋಟಿ ಇತ್ತು. 19,900 ಕೋಟಿಯನ್ನು 369 ವಾರ್ಡ್‌ಗಳಿಗೆ ಭಾಗಿಸಿದರೆ ತಲಾ 54 ಕೋಟಿ ಬರುತ್ತದೆ. ಇಷ್ಟು ದುಡ್ಡಿದ್ದರೆ ಈಜುಕೊಳವೇನು, ವಾರ್ಡ್‌ಗೊಂದು ಕೆರೆಯನ್ನೇ ತೋಡಬಹುದು ಎನಿಸೀತು. ಆದರೆ ಇದು ಭಾಗಾಕಾರದ ಭ್ರಮೆ. ಆ ಮೊತ್ತದ ದೊಡ್ಡ ಪಾಲು ವಾರ್ಡ್ ಕಡೆಗೆ ತಿರುಗಿಯೂ ನೋಡುವುದಿಲ್ಲ. ಸಂಬಳ, ಪಿಂಚಣಿ, ಸಾಲದ ಕಂತು ಮೊದಲು ಹೋಗುತ್ತವೆ. ರಾಜ್ಯ ಮತ್ತು ಕೇಂದ್ರ ಸರ್ಕಾರಗಳಿಂದ ಬರುವ ಅನುದಾನ ಬಹುಪಾಲು ನಿರ್ದಿಷ್ಟ ಕೆಲಸಕ್ಕೇ ಕಟ್ಟುಬಿದ್ದಿರುತ್ತದೆ. ಮೇಲ್ಸೇತುವೆ, ವೈಟ್ ಟಾಪಿಂಗ್, ಸುರಂಗ ರಸ್ತೆಗಳಂಥ ಬೃಹತ್ ಯೋಜನೆಗಳ ತೀರ್ಮಾನ ವಿಧಾನಸೌಧದಲ್ಲಿ ಆಗುತ್ತದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯೊಂದರ ಅಂದಾಜು ವೆಚ್ಚವೇ 17 ಸಾವಿರ ಕೋಟಿ ದಾಟಿದೆ. ಇಡೀ ಪಾಲಿಕೆಯ ಒಂದು ವರ್ಷದ ಲೆಕ್ಕಕ್ಕೆ ಹತ್ತಿರದ ಮೊತ್ತ ಅದು. ಮೂಗಿಗಿಂತ ಮೂಗುತಿ ಭಾರ. ಇನ್ನು ಸ್ವಂತ ಆದಾಯದಲ್ಲಿ ಶೇ 24.10ರಷ್ಟು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25ರಷ್ಟು ಇತರ ಬಡವರಿಗೆ, ಶೇ 5ರಷ್ಟು ಅಂಗವಿಕಲರಿಗೆ ಮೀಸಲಿಡಬೇಕು. ಇದು ನ್ಯಾಯವಾದ ಮೀಸಲು. ಇದನ್ನು ಬೇರೆಡೆಗೆ ತಿರುಗಿಸುವುದೇ ತಪ್ಪು. ಹೀಗೆ ಕಳೆಯುತ್ತಾ ಬಂದರೆ ವಾರ್ಡ್ ಸದಸ್ಯರ ಮಾತಿಗೆ ಬೆಲೆ ಇರುವ ಮೊತ್ತ ಕೆಲವೇ ಕೋಟಿಗೆ ಇಳಿಯುತ್ತದೆ. ಅದನ್ನು ಎಲ್ಲಿ ಹಾಕುತ್ತಾರೆ ಎಂಬುದರಲ್ಲೇ ಅವರ ನಿಜವಾದ ಆದ್ಯತೆ ಕಾಣುವುದು.

ಬಜೆಟ್ ಪುಸ್ತಕದಲ್ಲಿ ಬರೆದದ್ದೆಲ್ಲ ಖಜಾನೆಯಲ್ಲಿ ಇರುವುದಿಲ್ಲ ಎಂಬುದು ಎರಡನೆಯ ಸತ್ಯ. ಇದಕ್ಕೆ 2019-20ರ ಉದಾಹರಣೆ ಸಾಕು. ಆ ವರ್ಷದ ಬಜೆಟ್ ಮಂಡನೆಯಾದಾಗ 10,691 ಕೋಟಿಯದಾಗಿತ್ತು. ಕೌನ್ಸಿಲ್‌ನಲ್ಲಿ ಚರ್ಚೆ ಮುಗಿಯುವ ಹೊತ್ತಿಗೆ ಅದು 12,900 ಕೋಟಿ ದಾಟಿತು. ಆ ದಿನಗಳಲ್ಲಿ ಯಾವ ಹೊಸ ತೆರಿಗೆಯೂ ಹುಟ್ಟಲಿಲ್ಲ, ಯಾವ ಹಳೆಯ ಬಾಕಿಯೂ ವಸೂಲಾಗಲಿಲ್ಲ. ಹುಟ್ಟಿದ್ದು ಸದಸ್ಯರ ಬೇಡಿಕೆಗಳು ಮಾತ್ರ. ಕೊನೆಗೆ ರಾಜ್ಯ ಸರ್ಕಾರ ಕತ್ತರಿ ಹಾಕಬೇಕಾಯಿತು. ಇದನ್ನು ಆ ವರ್ಷದವರ ತಪ್ಪು ಎಂದು ಬಿಡುವ ಹಾಗಿಲ್ಲ. ಎಲ್ಲ ಪಕ್ಷಗಳ ಕೌನ್ಸಿಲ್‌ಗಳೂ ಸಾಕಿಕೊಂಡು ಬಂದ ಚಾಳಿ ಇದು. ಉಬ್ಬಿಸಿದ ಬಜೆಟ್ ಕಾಗದದ ಮೇಲಷ್ಟೇ ಉಬ್ಬಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಬಜೆಟ್‌ನಲ್ಲಿ ಹೆಸರು ಬಂದ ಕೂಡಲೇ ಕಾಮಗಾರಿಗೆ ಜಾಬ್ ಕೋಡ್ ಎಂಬ ಗುರುತಿನ ಸಂಖ್ಯೆ ಸಿಗುತ್ತದೆ, ಟೆಂಡರ್ ಆಗುತ್ತದೆ, ಗುತ್ತಿಗೆದಾರ ಕೆಲಸ ಮುಗಿಸಿ ಬಿಲ್ಲು ಸಲ್ಲಿಸುತ್ತಾನೆ. ಕೊಡಲು ದುಡ್ಡಿಲ್ಲದೆ ಬಿಲ್ಲು ಸಾಲಿನಲ್ಲಿ ನಿಲ್ಲುತ್ತದೆ. ಸಾಲು ಉದ್ದವಾದಂತೆ ಜ್ಯೇಷ್ಠತೆ ಮೀರಿ ಬಿಲ್ಲು ಪಾಸು ಮಾಡಿಸುವ ಕಲೆಯೂ ಬೆಳೆಯುತ್ತದೆ, ಅದಕ್ಕೊಂದು ದರವೂ ಹುಟ್ಟುತ್ತದೆ. ಎರಡು ವರ್ಷ ಕಾದು ದುಡ್ಡು ಪಡೆಯುವ ಗುತ್ತಿಗೆದಾರ ಆ ಎರಡು ವರ್ಷದ ಬಡ್ಡಿಯನ್ನು ಮುಂದಿನ ಟೆಂಡರ್‌ನ ದರದಲ್ಲಿ ಸೇರಿಸುತ್ತಾನೆ, ಇಲ್ಲವೇ ಡಾಂಬರಿನ ದಪ್ಪದಲ್ಲಿ ಕಳೆಯುತ್ತಾನೆ. ಎರಡರಲ್ಲಿ ಯಾವುದಾದರೂ ನಷ್ಟ ಬೀದಿಯದೇ. ಇದೇ ಹಾದಿ ಹಿಡಿದ ಪಾಲಿಕೆ ಒಂದು ಕಾಲಕ್ಕೆ ಕೆ.ಆರ್. ಮಾರುಕಟ್ಟೆ ಸೇರಿದಂತೆ ತನ್ನ ಹಲವು ಕಟ್ಟಡಗಳನ್ನು ಹುಡ್ಕೋಗೆ ಅಡವಿಟ್ಟು ಸಾಲ ಎತ್ತಿತ್ತು. ಅವುಗಳನ್ನು ಬಿಡಿಸಿಕೊಳ್ಳಲು ವರ್ಷಗಳೇ ಹಿಡಿದವು. ಆದ್ದರಿಂದ ಅಭ್ಯರ್ಥಿಯ ಮೊದಲ ಆದ್ಯತೆ, ಕೇಳಲು ಸಪ್ಪೆ ಎನಿಸಿದರೂ, ವಾರ್ಡ್‌ನಲ್ಲಿ ಈಗಾಗಲೇ ಜಾಬ್ ಕೋಡ್ ಪಡೆದು ಮುಗಿಯದೆ ಉಳಿದ ಕೆಲಸಗಳ ಮತ್ತು ಪಾವತಿಯಾಗದ ಬಿಲ್ಲುಗಳ ಪಟ್ಟಿಯನ್ನು ಜನರ ಮುಂದಿಡುವುದು.

ಆದಾಯದ ಪುಟಕ್ಕೆ ಬರೋಣ. ಒಂದು ಕಾಲದಲ್ಲಿ ಊರ ಗಡಿಯಲ್ಲಿ ಸುಂಕದ ಕಟ್ಟೆಗಳಿದ್ದವು. ಒಳಬರುವ ಸರಕಿನ ಮೇಲಿನ ಆಕ್ಟ್ರಾಯ್ ನಗರಸಭೆಗಳ ಜೀವಾಳವಾಗಿತ್ತು. ಬೆಂಗಳೂರಿನ ಸುಂಕದಕಟ್ಟೆ ಎಂಬ ಬಡಾವಣೆಯ ಹೆಸರು ಕೇಳಿದಾಗ ಸುಂಕಕ್ಕೂ ಊರಿಗೂ ಇದ್ದ ನಂಟು ನೆನಪಾಗುತ್ತದೆ. ಕರ್ನಾಟಕ 1979ರಲ್ಲಿ ಆಕ್ಟ್ರಾಯ್ ರದ್ದು ಮಾಡಿತು. 2017ರಲ್ಲಿ ಜಿಎಸ್‌ಟಿ ಬಂದು ಮನರಂಜನಾ ತೆರಿಗೆ, ಜಾಹೀರಾತು ತೆರಿಗೆಗಳನ್ನೂ ನುಂಗಿತು. ಉಳಿದ ದೊಡ್ಡ ಆಸರೆ ಆಸ್ತಿ ತೆರಿಗೆ ಒಂದೇ. 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬಂತು. 2008ರಲ್ಲಿ ಪ್ರದೇಶವಾರು ಚದರಡಿ ದರದ ಪದ್ಧತಿ ಬಂತು. ಆಮೇಲೆ 2016ರ ತನಕ ಆ ದರ ಕದಲಲಿಲ್ಲ. ಆ ಎಂಟು ವರ್ಷಗಳಲ್ಲಿ ಬೆಂಗಳೂರಿನ ನಿವೇಶನದ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ಬಾಡಿಗೆ ಮನೆಯಲ್ಲಿರುವವರೂ ಬಲ್ಲರು. ಹಾಗಿದ್ದರೂ ವಸೂಲಿಯಲ್ಲಿ ಎಷ್ಟು ಸುಧಾರಣೆ ಸಾಧ್ಯ ಎಂಬುದಕ್ಕೆ ಇತ್ತೀಚಿನ ಸಾಕ್ಷ್ಯವಿದೆ. 2023-24ರಲ್ಲಿ ಸುಮಾರು 3,900 ಕೋಟಿ ಇದ್ದ ಸಂಗ್ರಹ 2024-25ರಲ್ಲಿ 4,900 ಕೋಟಿ ದಾಟಿತು. ಒಂದೇ ವರ್ಷದಲ್ಲಿ ಸಾವಿರ ಕೋಟಿಯ ಏರಿಕೆ. ಇದು ಹೆಚ್ಚಾಗಿ ಬಂದದ್ದು ಹಳೆಯ ಬಾಕಿಯನ್ನು ಒಂದೇ ಕಂತಿನಲ್ಲಿ ತೀರಿಸುವ ಯೋಜನೆಯಿಂದ, ನೋಟಿಸು ಮತ್ತು ಬೀಗಮುದ್ರೆಯ ಬೆದರಿಕೆಯಿಂದ. ದರ ಏರಿಸದೆಯೂ ದುಡ್ಡು ಬರುತ್ತದೆ ಎಂದಾಯಿತು. ಬಾಕಿದಾರರ ಪಟ್ಟಿಯಲ್ಲಿ ಯಾರ ಹೆಸರಿದ್ದರೂ ಕೈ ನಡುಗಬಾರದು ಅಷ್ಟೇ. ವಾರ್ಡ್ ಸದಸ್ಯರು ಇಲ್ಲಿ ಮಾಡಬಹುದಾದದ್ದು ಬಹಳವಿದೆ. ಇದುವರೆಗೂ ಹೆಚ್ಚಿನವರು ಮಾಡಿದ್ದು ತಮ್ಮ ಬೆಂಬಲಿಗರ ವಾಣಿಜ್ಯ ಕಟ್ಟಡಕ್ಕೆ ವಸತಿ ದರ ಹಾಕಿಸಿಕೊಡುವ ಕೆಲಸ. ತನ್ನ ವಾರ್ಡ್‌ನ ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಎಂಬುದನ್ನು ವರ್ಷಕ್ಕೆರಡು ಬಾರಿ ಪ್ರಕಟಿಸುತ್ತೇನೆ ಎನ್ನುವ ಅಭ್ಯರ್ಥಿ, ಹತ್ತು ಉದ್ಯಾನಗಳ ಭರವಸೆ ಕೊಟ್ಟವರಿಗಿಂತ ದೊಡ್ಡ ಮಾತು ಕೊಟ್ಟಂತೆ.

ಇನ್ನು ಖರ್ಚಿನ ಕಡೆ. ಮೋರಿಯನ್ನೇ ತೆಗೆದುಕೊಳ್ಳಿ. ನಗರದ ರಾಜಕಾಲುವೆಗಳ ಉದ್ದ 800 ಕಿಲೋಮೀಟರ್‌ಗೂ ಹೆಚ್ಚು. ರಸ್ತೆಗಳು ಸುಮಾರು 13 ಸಾವಿರ ಕಿಲೋಮೀಟರ್; ರಸ್ತೆ ಪಕ್ಕದ ಚರಂಡಿಗಳು ಅದಕ್ಕೆ ಹೊಂದಿಕೊಂಡೇ ಸಾಗುತ್ತವೆ. ಮಳೆ ಬಂದಾಗ ಮನೆಯೊಳಗೆ ನೀರು ನುಗ್ಗಲು ಯಾವಾಗಲೂ ಚರಂಡಿ ಇಲ್ಲದ್ದೇ ಕಾರಣವಲ್ಲ. ಇದ್ದ ಚರಂಡಿಯಲ್ಲಿ ಹೂಳು, ಕಟ್ಟಡದ ಅವಶೇಷ, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ತುಂಬಿರುವುದು, ಚರಂಡಿಯ ಮೇಲೆ ಯಾರೋ ಮೆಟ್ಟಿಲು ಕಟ್ಟಿರುವುದು, ಚರಂಡಿ ರಾಜಕಾಲುವೆಗೆ ಸೇರುವ ಬಾಯಿ ರಸ್ತೆಗಿಂತ ಎತ್ತರದಲ್ಲಿರುವುದು ಅಷ್ಟೇ ಸಾಮಾನ್ಯವಾದ ಕಾರಣಗಳು. ಇವಕ್ಕೆ ಬೇಕಾದ್ದು ಏಪ್ರಿಲ್-ಮೇ ತಿಂಗಳಲ್ಲಿ ಹೂಳೆತ್ತುವ ತಂಡ, ಎತ್ತಿದ ಹೂಳನ್ನು ಅಂದೇ ಸಾಗಿಸುವ ಲಾರಿ, ಜಾಲರಿ ಬದಲಿಸಲು ಒಂದಿಷ್ಟು ದುಡ್ಡು. ದಡಕ್ಕೆ ಹಾಕಿ ಹೋದ ಹೂಳು ಮೊದಲ ಮಳೆಗೆ ಮತ್ತೆ ಒಳಗೇ ಸೇರುವುದನ್ನು ನಗರ ಪ್ರತಿ ವರ್ಷ ನೋಡುತ್ತದೆ. ಆದರೂ ಹಳೆಯ ಚರಂಡಿ ಒಡೆದು ಹೊಸದು ಕಟ್ಟುವ ಕಾಮಗಾರಿಗೇ ಹೆಚ್ಚು ಮನಸ್ಸು. ಕಾರಣ ಗುಟ್ಟಲ್ಲ. ಹೊಸ ಕಾಮಗಾರಿಗೆ ಗುದ್ದಲಿ ಪೂಜೆ ಇದೆ, ಫ್ಲೆಕ್ಸ್ ಇದೆ, ಅಡಿಗಲ್ಲಿನ ಮೇಲೆ ಹೆಸರಿದೆ. ಹೂಳೆತ್ತಿದ ಮೇಲೆ ಕಣ್ಣಿಗೆ ಕಾಣುವುದು ಖಾಲಿ ಗುಂಡಿ. ಖಾಲಿ ಗುಂಡಿಯ ಮುಂದೆ ರಿಬ್ಬನ್ ಕತ್ತರಿಸುವುದು ಹೇಗೆ? ಇದಕ್ಕಿಂತ ಗಂಭೀರವಾದ ಇನ್ನೊಂದು ಕಾರಣವಿದೆ. ಕಾಂಕ್ರೀಟ್ ಗೋಡೆಯನ್ನು ಟೇಪು ಹಿಡಿದು ಅಳೆಯಬಹುದು. ಹೂಳನ್ನು ಲೋಡಿನ ಲೆಕ್ಕದಲ್ಲಿ ಬರೆಯಬೇಕು, ಹೋದ ಲೋಡೆಷ್ಟು ಬರೆದ ಲೋಡೆಷ್ಟು ಎಂಬುದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ನಿರ್ವಹಣೆಯಲ್ಲಿ ಕಳ್ಳಲೆಕ್ಕಕ್ಕೆ ಅವಕಾಶ ಹೆಚ್ಚು ಎಂಬ ಮಾತನ್ನು ಒಪ್ಪಬೇಕು. ಹಾಗೆಂದು ನಿರ್ವಹಣೆಯನ್ನೇ ಬಿಟ್ಟರೆ ಆದೀತೆ? ಎತ್ತುವ ಮುನ್ನ, ಎತ್ತಿದ ಮೇಲೆ ಬೀದಿಯವರ ಸಹಿ ಬೇಕೆಂಬ ಒಂದು ನಿಯಮ ಈ ರೋಗಕ್ಕೆ ಅರ್ಧ ಮದ್ದು.

ರಸ್ತೆಯ ಕಥೆಯೂ ಇದೇ ಜಾತಿಯದು, ತುಸು ಹೆಚ್ಚು ದುಬಾರಿ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷಗಳಲ್ಲಿ ಅಲ್ಲಿನ ರಸ್ತೆಗಳಿಗೆ ಡಾಂಬರು ಬಿದ್ದಿತ್ತು. ನೀರಿನ ಕೊಳವೆಗಾಗಿ, ಒಳಚರಂಡಿಗಾಗಿ ಅವನ್ನೇ ಅಗೆಯಲಾಯಿತು. ಅಗೆಯುವುದು ಜಲಮಂಡಳಿ, ಮುಚ್ಚಿ ಸರಿಪಡಿಸಬೇಕಾದ್ದು ಪಾಲಿಕೆ, ಬೈಗುಳ ತಿನ್ನುವುದು ವಾರ್ಡ್ ಸದಸ್ಯ. ಬೆಸ್ಕಾಂ ಕೇಬಲ್, ಅನಿಲದ ಕೊಳವೆ, ಇಂಟರ್‌ನೆಟ್ ತಂತಿಗಳದು ಬೇರೆ ಬೇರೆ ಮುಹೂರ್ತ. ಟೆಂಡರ್ ಶ್ಯೂರ್ ಹೆಸರಿನಲ್ಲಿ ನಗರದ ನಡುಭಾಗದ ಕೆಲವು ರಸ್ತೆಗಳಲ್ಲಿ ಎಲ್ಲ ಕೊಳವೆ, ಕೇಬಲ್‌ಗಳನ್ನು ಮೊದಲೇ ನೆಲದಡಿ ಹಾಕಿ ಮೇಲೆ ರಸ್ತೆ ಮಾಡುವ ಪ್ರಯೋಗ ನಡೆಯಿತು. ಆ ವಿನ್ಯಾಸ ಎಲ್ಲ ಬೀದಿಗೂ ಎಟುಕುವಷ್ಟು ಅಗ್ಗವಲ್ಲ, ನಿಜ. ಆದರೆ ಅದರ ಹಿಂದಿನ ಕ್ರಮ, ಅಂದರೆ ಅಗೆಯುವವರೆಲ್ಲ ಅಗೆದು ಮುಗಿಸಿದ ಮೇಲೆಯೇ ಡಾಂಬರು ಎಂಬುದು, ಪುಕ್ಕಟೆ. ಒಂದು ಸಭೆ, ಒಂದು ವೇಳಾಪಟ್ಟಿ ಸಾಕು. ವಾರ್ಡ್‌ನಲ್ಲಿ ಮುಂದಿನ ಎರಡು ವರ್ಷದಲ್ಲಿ ಯಾವ ಸಂಸ್ಥೆ ಎಲ್ಲಿ ಅಗೆಯಲಿದೆ ಎಂಬ ಪಟ್ಟಿ ಕೈಗೆ ಬರುವ ತನಕ ಹೊಸ ಡಾಂಬರಿಗೆ ಒಪ್ಪಿಗೆ ಕೊಡುವುದಿಲ್ಲ ಎನ್ನಲು ಧೈರ್ಯ ಬೇಕಾಗುತ್ತದೆ ಅಷ್ಟೇ.

ಕಸದ ವಿಷಯದಲ್ಲಿ ಮತದಾರನಿಗೆ ಈಗ ಹೊಸದೊಂದು ಹಿಡಿತ ಸಿಕ್ಕಿದೆ. ದಿನಕ್ಕೆ ಸುಮಾರು 5,000 ಟನ್ ಕಸ ಹೊರಡುವ ಊರು ಇದು. ಅದನ್ನು ಹೊತ್ತು ಮಾವಳ್ಳಿಪುರಕ್ಕೆ, ಮಂಡೂರಿಗೆ ಸುರಿದು, ಆ ಊರಿನವರು ಲಾರಿಗಳನ್ನು ತಡೆದ ಮೇಲೆ ಬೇರೆ ಕ್ವಾರಿ ಹುಡುಕಿದ ಇತಿಹಾಸ ಹಳೆಯದೇನಲ್ಲ. 2025ರ ಏಪ್ರಿಲ್‌ನಿಂದ ಕಸ ನಿರ್ವಹಣೆಯ ಬಳಕೆದಾರರ ಶುಲ್ಕ ಆಸ್ತಿ ತೆರಿಗೆಯ ಜೊತೆಗೇ ಬರುತ್ತಿದೆ. 600 ಚದರಡಿ ತನಕದ ಮನೆಗೆ ತಿಂಗಳಿಗೆ 10 ರೂಪಾಯಿ, ಸಾವಿರದಿಂದ ಎರಡು ಸಾವಿರ ಚದರಡಿಯ ಮನೆಗೆ 100, ನಾಲ್ಕು ಸಾವಿರ ಮೀರಿದರೆ 400. ಶುಲ್ಕಕ್ಕೆ ವಿರೋಧ ವ್ಯಕ್ತಪಡಿಸಿದವರು ಬಹಳ ಮಂದಿ. ರದ್ದು ಮಾಡಿಸುತ್ತೇನೆ ಎಂಬ ಭರವಸೆಗೆ ಮತ ಸಿಗುವುದೂ ಸುಲಭ. ಆದರೆ 1,200 ಚದರಡಿ ಮನೆಯವರು ವರ್ಷಕ್ಕೆ 1,200 ರೂಪಾಯಿ ಕೊಟ್ಟ ಮೇಲೆ, ಟಿಪ್ಪರ್ ಆಟೊ ವಾರಕ್ಕೆಷ್ಟು ದಿನ ಬರಬೇಕು, ಹಸಿ ಕಸದ ಮೇಲೆ ಒಣ ಕಸ ಸುರಿಯುವುದನ್ನು ಯಾರು ತಡೆಯಬೇಕು, ಬೀದಿ ಮೂಲೆಯ ಗುಡ್ಡೆ ಎಷ್ಟು ಗಂಟೆಯೊಳಗೆ ಏಳಬೇಕು ಎಂದು ಕೇಳುವ ಹಕ್ಕು ಹುಟ್ಟುತ್ತದೆ. ಶುಲ್ಕ ಬೇಡ ಎನ್ನುವ ಅಭ್ಯರ್ಥಿ ಈ ಹಕ್ಕನ್ನೂ ಬಿಟ್ಟುಕೊಡುತ್ತಾರೆ. ಗುಡಿಸುವವರ ಕಡೆಯಿಂದ ನೋಡಿದರೂ ಇದೇ ತರ್ಕ. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಬಹುಕಾಲದ ಹೋರಾಟಕ್ಕೆ ದೊರೆತ ನ್ಯಾಯ ಅದು. ಈ ಸಂಬಳ ಪ್ರತಿ ತಿಂಗಳೂ, ಮೂವತ್ತು ವರ್ಷವೂ ಕೊಡಬೇಕಾದದ್ದು. ಅದಕ್ಕೆ ಖಾತ್ರಿಯ ಆದಾಯ ಬೇಕು. ಪೌರಕಾರ್ಮಿಕರ ದಿನದಂದು ಶಾಲು ಹೊದಿಸಿ, ಉಳಿದ ದಿನ ತೆರಿಗೆ ಕಟ್ಟಬೇಡಿ ಎನ್ನುವುದು ಒಂದಕ್ಕೊಂದು ಹೊಂದುವುದಿಲ್ಲ.

ಇಷ್ಟು ಹೇಳಿದ ಮೇಲೆ ಬಲವಾದ ಆಕ್ಷೇಪ ಒಂದು ಬರುತ್ತದೆ. ವಾರ್ಡ್ ಸದಸ್ಯರಿಗೆ ಅಧಿಕಾರವಾದರೂ ಎಲ್ಲಿದೆ? ನೀರು 1964ರಿಂದ ಜಲಮಂಡಳಿಯದು, ಬಡಾವಣೆ ಬಿಡಿಎಯದು, ಬಸ್ಸು ಬಿಎಂಟಿಸಿಯದು. ಆಯುಕ್ತರನ್ನು ಕಳಿಸುವುದು ಸರ್ಕಾರ. ಐದೂ ಪಾಲಿಕೆಗಳ ಮೇಲಿರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರಾಡಳಿತಕ್ಕೆಂದು ಪಟ್ಟಿ ಮಾಡಿತು, ಕೈಗೆ ಬಂದದ್ದು ಅರೆಬರೆ. ದೇಶದ ಎಲ್ಲ ನಗರಾಡಳಿತಗಳ ಆದಾಯ ಸೇರಿಸಿದರೂ ಒಟ್ಟು ದೇಶೀಯ ಉತ್ಪನ್ನದ ಶೇ 1ರ ಆಸುಪಾಸಿನಲ್ಲೇ ನಿಲ್ಲುತ್ತದೆ ಎಂದು ರಿಸರ್ವ್ ಬ್ಯಾಂಕ್ ತನ್ನ 2022ರ ವರದಿಯಲ್ಲಿ ಎತ್ತಿ ತೋರಿಸಿತ್ತು. ಈ ಆಕ್ಷೇಪದ ಒಂದೊಂದು ಮಾತೂ ನಿಜ. ಆದರೆ ಅದು ನನ್ನ ವಾದವನ್ನು ಮುರಿಯುವ ಬದಲು ಗಟ್ಟಿ ಮಾಡುತ್ತದೆ. ದೊಡ್ಡ ಯೋಜನೆಗಳಲ್ಲಿ ಸದಸ್ಯರಿಗೆ ಕೈ ಇಲ್ಲದಿದ್ದರೆ ಅವುಗಳ ಭರವಸೆ ಕೊಡುವುದೇ ಸುಳ್ಳು. ಕೈ ಇರುವ ಕಡೆ, ಅಂದರೆ ಚರಂಡಿ, ಬೀದಿದೀಪ, ಕಸ, ಪಾದಚಾರಿ ಮಾರ್ಗ, ಉದ್ಯಾನ, ಆಸ್ತಿ ತೆರಿಗೆಯ ಮೇಲ್ವಿಚಾರಣೆಯಲ್ಲಿ, ಬಹುತೇಕ ಎಲ್ಲವೂ ನಿರ್ವಹಣೆಯ ಕೆಲಸವೇ. ಅದಲ್ಲದೆ ಪ್ರಶ್ನಿಸುವ ಅಧಿಕಾರ ಸಣ್ಣದಲ್ಲ. ಲೆಕ್ಕಪತ್ರ ಸ್ಥಾಯಿ ಸಮಿತಿ ಎಂಬುದೊಂದು ಪಾಲಿಕೆಯಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಪೈಪೋಟಿ ಇರುವುದಿಲ್ಲ, ಏಕೆಂದರೆ ಅಲ್ಲಿ ಹಂಚಲು ಏನೂ ಇಲ್ಲ, ಓದಲು ಮಾತ್ರ ಇದೆ. 2002ರಲ್ಲಿ ನಾಗರಿಕ ಸಂಸ್ಥೆಗಳು ‘ಪ್ರೂಫ್’ ಅಭಿಯಾನ ನಡೆಸಿ, ಅಂದಿನ ಮಹಾನಗರ ಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಲೆಕ್ಕವನ್ನು ಜನರ ಮುಂದಿಡುವಂತೆ ಮಾಡಿದ್ದವು. ಇಪ್ಪತ್ತು ವರ್ಷದ ಹಿಂದೆ ಆದದ್ದು ಈಗ ಯಾಕಾಗದು?

ಎರಡನೆಯ ಆಕ್ಷೇಪ ಇನ್ನೂ ಮೊನಚು. ಇದ್ದವರಿಗೆ ನಿರ್ವಹಣೆ ಸರಿ, ಏನೂ ಇಲ್ಲದವರಿಗೆ? ಜಯನಗರದ ಪಾದಚಾರಿ ಮಾರ್ಗವನ್ನು ಕಾಯ್ದುಕೊಳ್ಳಬಹುದು. ಒಳಚರಂಡಿಯೇ ತಲುಪದ ಕಂದಾಯ ಬಡಾವಣೆಯಲ್ಲಿ ಕಾಯ್ದುಕೊಳ್ಳುವುದಾದರೂ ಏನನ್ನು? ಐದು ಪಾಲಿಕೆಗಳಾದ ಮೇಲೆ ಈ ಪ್ರಶ್ನೆ ತೀಕ್ಷ್ಣವಾಗಿದೆ. ಮಹದೇವಪುರದ ಐಟಿ ಕಾರಿಡಾರ್ ಇರುವ ಪೂರ್ವ ಪಾಲಿಕೆಗೆ 50 ವಾರ್ಡ್, ಆಸ್ತಿ ತೆರಿಗೆ ಧಾರಾಳ. ಪಶ್ಚಿಮಕ್ಕೆ 112 ವಾರ್ಡ್. ಅಲ್ಲಿ ಗಾಜಿನ ಗೋಪುರಗಳಿಗಿಂತ ಸಣ್ಣ ಮನೆಗಳು, ಸಣ್ಣ ಕೈಗಾರಿಕೆಗಳು ಹೆಚ್ಚು. ಇಲ್ಲಿ ನನ್ನ ಕ್ರಮವನ್ನು ಸ್ವಲ್ಪ ಸಡಿಲಿಸಲೇಬೇಕು. ಮೂಲಸೌಕರ್ಯವೇ ಇಲ್ಲದ ವಾರ್ಡ್‌ಗೆ ಹೊಸ ಕಾಮಗಾರಿಯೇ ಮೊದಲು, ಅದಕ್ಕೆ ಇತರ ಪಾಲಿಕೆಗಳ ಅಥವಾ ರಾಜ್ಯದ ದುಡ್ಡು ಬರಬೇಕು. ಆದರೆ ಹೊಸದು ಕಟ್ಟುವಾಗಲೇ ಮುಂದಿನ ಐದು ವರ್ಷದ ದುರಸ್ತಿಯ ವೆಚ್ಚವನ್ನೂ ಅದೇ ಅಂದಾಜು ಪಟ್ಟಿಯಲ್ಲಿ ಸೇರಿಸಬೇಕು ಎಂಬ ಷರತ್ತನ್ನು ಮಾತ್ರ ಬಿಡಲಾಗದು. ಬಡ ವಾರ್ಡ್‌ನಲ್ಲಿ ಕಟ್ಟಿದ ಸಾರ್ವಜನಿಕ ಶೌಚಾಲಯಕ್ಕೆ ನೀರಿಲ್ಲದೆ ಬೀಗ ಬಿದ್ದರೆ, ಖಾಸಗಿ ವ್ಯವಸ್ಥೆ ಮಾಡಿಕೊಳ್ಳಲು ಆಗದೆ ಹೆಚ್ಚು ನರಳುವವರು ಅಲ್ಲಿನವರೇ.

ಜನ ಇಂಥದ್ದಕ್ಕೆ ಮತ ಹಾಕುತ್ತಾರೆಯೇ ಎಂಬುದು ರಾಜಕೀಯ ಬಲ್ಲವರ ಆಕ್ಷೇಪ. 2010 ಮತ್ತು 2015ರ ಎರಡೂ ಪಾಲಿಕೆ ಚುನಾವಣೆಗಳಲ್ಲಿ ಮತದಾನ ಅರ್ಧವನ್ನೂ ದಾಟಲಿಲ್ಲ, ಬಂದವರಲ್ಲಿ ಜಾತಿ, ಪಕ್ಷ, ಪರಿಚಯದ ಲೆಕ್ಕ ಹಾಕಿದವರೇ ಹೆಚ್ಚು ಎನ್ನುತ್ತಾರೆ. ಆದರೆ ಜನರ ಕೈಗೆ ಬಜೆಟ್ ಕೊಟ್ಟಾಗ ಅವರು ಏನನ್ನು ಆರಿಸುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷ್ಯಗಳಿವೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರಿ 1989ರಲ್ಲಿ ಬೀದಿ ಸಭೆಗಳ ಮೂಲಕ ಬಜೆಟ್ ಮಾಡಲು ಹೊರಟಾಗ ಬಡ ಬಡಾವಣೆಗಳು ಕೇಳಿದ್ದು ಒಳಚರಂಡಿ, ನೀರು, ರಸ್ತೆಗಳನ್ನು; ಪ್ರತಿಮೆಗಳನ್ನಲ್ಲ. ಆ ಪದ್ಧತಿ ಮುಂದೆ ಸೊರಗಿ 2017ರಲ್ಲಿ ನಿಂತೂ ಹೋಯಿತು. ಆಡಳಿತದ ಮನಸ್ಸು ಬದಲಾದರೆ ಒಳ್ಳೆಯ ಪದ್ಧತಿಯೂ ಉಳಿಯದು ಎಂಬ ಎಚ್ಚರಿಕೆ ಅದರಲ್ಲಿದೆ. ಪುಣೆ 2006ರಲ್ಲಿ ಇದರದೇ ಸಣ್ಣ ರೂಪ ತಂದಿತು. ಬೆಂಗಳೂರಿನಲ್ಲಿ ಹೈಕೋರ್ಟ್ ಒತ್ತಾಯದಿಂದ ವಾರ್ಡ್ ಸಮಿತಿಗಳು ಸಭೆ ಸೇರತೊಡಗಿದಾಗ, ಅವುಗಳಿಗೆಂದು ಬಜೆಟ್‌ನಲ್ಲಿ ವಾರ್ಡ್‌ಗೆ 60 ಲಕ್ಷ ಇಟ್ಟ ಕಾಲವೂ ಇತ್ತು. ಅದರ ಬಾಬತ್ತುಗಳನ್ನು ನೋಡಿ: ರಸ್ತೆ ಗುಂಡಿ, ಪಾದಚಾರಿ ಮಾರ್ಗ, ಕೊಳವೆ ಬಾವಿಗಳ ದುರಸ್ತಿ. ಅಷ್ಟೂ ನಿರ್ವಹಣೆಯೇ.

ಹೊಸದಾಗಿ ಗೆದ್ದು ಬರುವವರಿಗೆ ಒಂದು ವಾಸ್ತವವನ್ನು ಯಾರೂ ಕರಪತ್ರದಲ್ಲಿ ಬರೆಯುವುದಿಲ್ಲ. ಪಾಲಿಕೆಯ ಬಜೆಟ್ ಮಾರ್ಚ್‌ನಲ್ಲಿ ಸಿದ್ಧವಾಗುತ್ತದೆ. ವರ್ಷದ ನಡುವೆ ಕೌನ್ಸಿಲ್ ಕೂತರೆ ಮೊದಲ ವರ್ಷ ಸದಸ್ಯರ ಮುಂದಿರುವುದು ಅಧಿಕಾರಿಗಳು ಬರೆದಿಟ್ಟ ಬಜೆಟ್. ಹೆಚ್ಚಿನವರು ಆ ವರ್ಷವನ್ನು ಸ್ಥಾಯಿ ಸಮಿತಿಯ ಲಾಬಿಯಲ್ಲಿ, ಸನ್ಮಾನಗಳಲ್ಲಿ ಕಳೆದು, ಮುಂದಿನ ಮಾರ್ಚ್‌ಗೆ ಬೇಡಿಕೆಗಳ ಪಟ್ಟಿ ಹಿಡಿದು ಬರುತ್ತಾರೆ. ಆದರೆ ವರ್ಷದ ಮಧ್ಯೆ ಪರಿಷ್ಕೃತ ಅಂದಾಜು ಎಂಬುದೊಂದು ತಯಾರಾಗುತ್ತದೆ. ಅಂದುಕೊಂಡ ಆದಾಯ ಬರದಿದ್ದಾಗ ಯಾವ ಬಾಬತ್ತಿಗೆ ಕತ್ತರಿ ಹಾಕಬೇಕೆಂಬುದು ಅಲ್ಲಿ ತೀರ್ಮಾನವಾಗುತ್ತದೆ. ಸಂಬಳ ಕಡಿತ ಮಾಡಲಾಗದು, ಸಾಲದ ಕಂತು ತಪ್ಪಿಸಲಾಗದು, ಟೆಂಡರ್ ಆದ ಕಾಮಗಾರಿಯ ಹಿಂದೆ ಗುತ್ತಿಗೆದಾರ ನಿಂತಿರುತ್ತಾನೆ. ಚರಂಡಿಯ ಹೂಳಿನ ಹಿಂದೆ ಯಾರೂ ನಿಂತಿರುವುದಿಲ್ಲ, ಆದ್ದರಿಂದ ಕತ್ತರಿ ಮೊದಲು ಅಲ್ಲಿಗೇ ಹೋಗುತ್ತದೆ. ಆ ದಿನ ಸಭೆಯಲ್ಲಿ ಎದ್ದು ನಿಂತು ‘ಈ ಬಾಬತ್ತು ಮುಟ್ಟಬೇಡಿ’ ಎನ್ನಲು, ಅದು ಬಜೆಟ್ ಪುಸ್ತಕದ ಯಾವ ಪುಟದಲ್ಲಿದೆ ಎಂಬುದಾದರೂ ಗೊತ್ತಿರಬೇಕು.